ಸಿಆರ್-1 ವೀಸಾದಲ್ಲಿ ಮೊದಲ ಸಲ ಹೊರಟಿದ್ದೀನಿ, ಇಮಿಗ್ರೇಷನ್ ಕೌಂಟರ್‌ನಲ್ಲಿ ಏನೇನು ಕೇಳ್ತಾರೆ?

ಹಾಸನದ ಸೊಸೆ | 2024 ಮೇ 4

ಎಲ್ಲರಿಗೂ ನಮಸ್ಕಾರ. ನಮ್ಮ ಮದುವೆ ಆಗಿದ್ದು 2022ರ ಡಿಸೆಂಬರ್‌ನಲ್ಲಿ. ನಮ್ಮವರು ಅಮೆರಿಕದ ಸಿಟಿಜನ್, ನಾರ್ತ್ ಕ್ಯಾರೊಲಿನಾದ ರಾಲೀಯಲ್ಲಿ ಇದ್ದಾರೆ. ಮದುವೆಯಾಗಿ ರಜೆ ಮುಗಿದ ತಕ್ಷಣ ಅವರು ಹೊರಟರು, ನಾನು ಇಲ್ಲೇ ಫೈಲು ಕಾಯ್ತಾ ಕೂತೆ. ಕಳೆದ ತಿಂಗಳು ಮುಂಬೈ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ ಮುಗೀತು. ಪಾಸ್‌ಪೋರ್ಟ್ ಕೈಗೆ ಬಂದಿದೆ, ಒಳಗೆ ಸಿಆರ್-1, ಅಂದ್ರೆ ಸಿಟಿಜನ್‌ನ ಹೊಸದಾಗಿ ಮದುವೆಯಾದವರಿಗೆ ಕೊಡೋ ವಲಸೆ ವೀಸಾ, ಅಂಟಿಸಿದ್ದಾರೆ.

ಬೆಂಗಳೂರಿಂದ ದುಬೈ, ದುಬೈಯಿಂದ ವಾಷಿಂಗ್ಟನ್‌ನ ಡಲ್ಲಸ್ ಏರ್‌ಪೋರ್ಟ್, ಅಲ್ಲಿಂದ ರಾಲೀ. ಒಬ್ಬಳೇ ಹೋಗ್ತಿದ್ದೀನಿ, ಅದೂ ಮೊದಲ ಸಲ. ನಮ್ಮವರು ರಾಲೀ ಏರ್‌ಪೋರ್ಟ್‌ಗೆ ಬರ್ತಾರೆ.

ಎರಡು ವರ್ಷದ ಕಂಡಿಷನಲ್ (ಷರತ್ತಿನ ಮೇಲೆ ಕೊಡೋ) ಗ್ರೀನ್ ಕಾರ್ಡ್ ಅಂದ ಮೇಲೆ ಕೌಂಟರ್‌ನಲ್ಲಿ ಮದುವೆ ನಿಜವಾ ಸುಳ್ಳಾ ಅಂತ ಮತ್ತೆ ಜಾಲಾಡ್ತಾರಾ? ಗಂಡ ಪಕ್ಕದಲ್ಲಿ ಇಲ್ಲ ಅಂದ್ರೆ ಅನುಮಾನ ಪಡ್ತಾರಾ? ನಮ್ಮ ಮಾವ ಮದುವೆ ಆಲ್ಬಂ ಎರಡೂ ಭಾಗ ತಗೊಂಡು ಹೋಗು ಅಂತ ಪಟ್ಟು ಹಿಡಿದಿದ್ದಾರೆ. ಕರಿಜ್ಮಾ ಆಲ್ಬಂ, ಅದೊಂದಕ್ಕೇ ಬ್ಯಾಗ್ ಬೇಕು.

ಇನ್ನೊಂದು ಭಯ. ನನ್ನ ಚಿಕ್ಕಮ್ಮನ ಮಗಳು ಹೋದಾಗ ಕಾನ್ಸುಲೇಟಿನವರು ಸೀಲ್ ಮಾಡಿದ ಕಂದು ಕವರ್ ಕೊಟ್ಟಿದ್ದರಂತೆ, ಒಡೆಯಬಾರದು, ಹಾಗೇ ಅಧಿಕಾರಿ ಕೈಗೆ ಕೊಡಬೇಕು ಅಂತ. ನನಗೆ ಪಾಸ್‌ಪೋರ್ಟ್ ಬಿಟ್ಟು ಏನೂ ಬಂದಿಲ್ಲ. ಕೊರಿಯರ್‌ನವರು ಕಳೆದುಬಿಟ್ಟರಾ?

ಫ್ರಿಸ್ಕೊ ರಾಯರು | ಮೇ 4

ತಂಗಿ, ಕವರ್ ಕಳೆದಿಲ್ಲ. ವೀಸಾ ಹಾಳೆಯನ್ನ ಸರಿಯಾಗಿ ನೋಡಮ್ಮ, ಕೆಳಭಾಗದಲ್ಲಿ ‘ಐವಿ ಡಾಕ್ಸ್ ಇನ್ ಸಿಸಿಡಿ’ ಅಂತ ಅಚ್ಚಾಗಿರುತ್ತೆ. ಹಾಗಿದ್ದರೆ ನಿನ್ನ ಕಾಗದಪತ್ರ ಎಲ್ಲಾ ಕಂಪ್ಯೂಟರ್‌ನಲ್ಲೇ ಹೋಗಿದೆ, ಕೌಂಟರ್‌ನ ಅಧಿಕಾರಿ ಅಲ್ಲೇ ತೆರೆದು ನೋಡ್ತಾರೆ. ಆ ಸಾಲು ಇಲ್ಲದವರಿಗೆ ಮಾತ್ರ ಕವರ್. ಎಕ್ಸ್-ರೇ ಸಿಡಿ ಕೊಟ್ಟಿದ್ದರೆ ಅದನ್ನ ಕೈಚೀಲದಲ್ಲಿ ಇಟ್ಟುಕೋ, ಚೆಕ್-ಇನ್ ಸೂಟ್‌ಕೇಸ್‌ಗೆ ಹಾಕಬೇಡ.

ಈಗ ಮದುವೆ ವಿಷಯ. ನಿಮ್ಮ ಮದುವೆ ನಿಜವಾ ಅನ್ನೋದನ್ನ ಮೊದಲು ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ನೋಡಿದೆ, ಆಮೇಲೆ ಮುಂಬೈಯವರು ನೋಡಿದ್ದಾರೆ. ಒಳಗೆ ಬಿಡೋದು ಬಿಡದೇ ಇರೋದು ಕೊನೆಗೆ ಏರ್‌ಪೋರ್ಟಿನ ಸಿಬಿಪಿ (ಗಡಿ, ಕಸ್ಟಮ್ಸ್ ಇಲಾಖೆ) ಅಧಿಕಾರಿ ಕೈಯಲ್ಲೇ ಇರೋದು, ಅದು ಸತ್ಯ. ಆದರೆ ಅವರು ಹೊಸದಾಗಿ ವಿಚಾರಣೆ ಶುರು ಮಾಡೋಕೆ ಕೂತಿರಲ್ಲ. ವೀಸಾದಲ್ಲಿರೋಳು ನೀನೇನಾ, ಗಂಡ ಎಲ್ಲಿದ್ದಾರೆ, ಎಲ್ಲಿ ಇರ್ತೀಯ, ಕಾರ್ಡ್ ಯಾವ ವಿಳಾಸಕ್ಕೆ ಕಳಿಸಬೇಕು, ಇಷ್ಟೇ. ವಿಳಾಸದ ವಿಷಯದಲ್ಲಿ ಮಾತ್ರ ಹುಷಾರಾಗಿರು. ಅಪಾರ್ಟ್‌ಮೆಂಟ್ ನಂಬರ್ ಬಿಟ್ಟುಹೋಗಿ ಕಾರ್ಡ್ ಅಂಚೆಯಲ್ಲಿ ವಾಪಸ್ ಹೋದ ಕಥೆ ಇಲ್ಲಿ ಬೇಕಾದಷ್ಟು ಕೇಳಿದ್ದೀನಿ. ಹಾಳೆ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟುಕೋ. ಗಂಡನ ಫೋನ್ ನಂಬರ್ ಕೂಡ ಕಾಗದದ ಮೇಲಿರಲಿ, ಫೋನ್ ಚಾರ್ಜ್ ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ.

ಕಂಡಿಷನಲ್ ಅನ್ನೋದನ್ನ ತಲೆಗೆ ಹಚ್ಚಿಕೊಳ್ಳಬೇಡ. ಒಳಗೆ ಕಾಲಿಟ್ಟ ದಿನ ಮದುವೆಗೆ ಎರಡು ವರ್ಷ ತುಂಬಿಲ್ಲದಿದ್ದರೆ ಎರಡು ವರ್ಷದ ಕಾರ್ಡು, ಕಾನೂನು ಅಷ್ಟೇ ಹೇಳೋದು. ಕೆಲಸ, ಓಡಾಟ, ಊರಿಗೆ ಹೋಗಿಬರೋದು ಎಲ್ಲಾ ಹತ್ತು ವರ್ಷದ ಕಾರ್ಡಿನವರ ಹಾಗೇ.

ಸೀಲ್ ಬಿದ್ದ ಮೇಲೆ ಕೌಂಟರ್ ಬಿಡೋ ಮೊದಲು ತಾರೀಖು ಮತ್ತು ಪಕ್ಕದಲ್ಲಿ ಕೈಯಲ್ಲಿ ಬರೆದ ಕೋಡ್ ನೋಡು. ವೀಸಾ ಮೇಲೆ ಆ ಸೀಲ್ ಇದ್ದರೆ ಒಂದು ವರ್ಷದವರೆಗೆ ಅದೇ ತಾತ್ಕಾಲಿಕ ಗ್ರೀನ್ ಕಾರ್ಡ್. ಕಾರ್ಡ್ ಬರೋ ತನಕ ಕೆಲಸಕ್ಕೆ ಸೇರೋಕೆ, ಊರಿಗೆ ಹೋಗಿಬರೋಕೆ ಅದೇ ಸಾಕು.

ಧಾರವಾಡದಾಕಿ | ಮೇ 4

ಆಲ್ಬಂ ಒಯ್ಯಬ್ಯಾಡವಾ. ಮಾವನಿಗೆ ಹೂಂ ಅಂದು ಹಾಸನದಾಗ ಬಿಟ್ಟು ಬಾ. ಆ ತೂಕದಾಗ ಶೇಂಗಾ ಚಟ್ನಿ ಎಷ್ಟು ಹಿಡೀತದ ವಿಚಾರ ಮಾಡು! ಹತ್ತ್ಹನ್ನೆರಡು ಫೋಟೋ ಫೋನ್‌ನಾಗ ಇದ್ದರ ಭಾಳಾತು, ಅವನ್ನೂ ಯಾರೂ ಕೇಳೂದಿಲ್ಲ. ಮದುವಿ ಸರ್ಟಿಫಿಕೇಟ್ ಒರಿಜಿನಲ್ ಮಾತ್ರ ಕೈಯಾಗಿನ ಬ್ಯಾಗಿನಾಗ ಇರ್ಲಿ.

ನ್ಯೂಜೆರ್ಸಿ ಅಕ್ಕ | ಮೇ 5

ನಾನು ನೆವಾರ್ಕ್‌ನಲ್ಲಿ ಇಳಿದದ್ದು, 2019ರಲ್ಲಿ. ರಾಯರು ಹೇಳಿದ್ದೆಲ್ಲಾ ಸರಿ, ಆದರೆ ಆ ‘ಇನ್ನೊಂದು ರೂಮು’ ಅನ್ನೋದನ್ನ ಯಾರೂ ಮೊದಲೇ ಹೇಳಲ್ಲ, ಅಲ್ಲಿ ಕೂರಿಸಿದಾಗ ಎದೆ ಧಸಕ್ ಅನ್ನುತ್ತೆ. ಅದಕ್ಕೇ ಹೇಳ್ತಿದ್ದೀನಿ.

ಮೊದಲ ಕೌಂಟರ್‌ನಲ್ಲಿ ಬೆರಳಚ್ಚು, ಫೋಟೋ ತಗೋತಾರೆ. ಇಮಿಗ್ರೆಂಟ್ ವೀಸಾ ಅಂತ ಕಂಡ ತಕ್ಷಣ ಬಹಳ ಕಡೆ ಸೆಕೆಂಡರಿಗೆ ಕಳಿಸ್ತಾರೆ. ಹೊಸದಾಗಿ ವಲಸೆ ಬಂದವರ ದಾಖಲೆ ಕೆಲಸ ಅಲ್ಲಿ ನಡೆಯೋದು, ತಪ್ಪು ಮಾಡಿದವರಿಗೆ ಅಂತ ಇರೋ ಜಾಗ ಅಂದುಕೋಬೇಡ. ಆದರೆ ಅದೇ ಬೆಂಚಿನಲ್ಲಿ ಏನೋ ತಕರಾರಿರೋ ಜನರೂ ಕೂತಿರ್ತಾರೆ. ನನ್ನ ಪಕ್ಕ ಒಬ್ಬ ಹುಡುಗ ಅಳ್ತಾ ಇದ್ದ. ಅವನನ್ನ ನೋಡಿ ನನಗೂ ಕೈಕಾಲು ತಣ್ಣಗಾಯ್ತು, ನನ್ನ ಫೈಲಿಗೂ ಅವನ ಫೈಲಿಗೂ ಸಂಬಂಧವೇ ಇರಲಿಲ್ಲ. ಆ ರೂಮಿನಲ್ಲಿ ಫೋನ್ ಬಳಸೋಕೆ ಬಿಡಲ್ಲ. ಹೊರಗೆ ಕಾಯ್ತಿರೋ ಗಂಡ ‘ಇಳಿದಾಯ್ತು, ಫೋನ್ ಯಾಕೆ ಎತ್ತುತ್ತಿಲ್ಲ’ ಅಂತ ಒದ್ದಾಡ್ತಾನೆ. ಒಂದೆರಡು ಗಂಟೆ ಸುದ್ದಿ ಇರಲ್ಲ ಅಂತ ಮೊದಲೇ ಹೇಳಿಡು.

ಹೆಸರು ಕೂಗಿದರು, ಹೋದೆ. ಆಮೇಲಿನದು ಎರಡೇ ನಿಮಿಷದ ಕೆಲಸ. ಒಂದು ಸಹಿ, ಒಂದು ಬೆರಳು, ವಿಳಾಸ ಸರಿನಾ ಅಂದರು, ‘ವೆಲ್ಕಮ್ ಹೋಮ್’ ಅಂದರು. ಇದಕ್ಕಾ ಇಷ್ಟು ಹೊತ್ತು ಹೆದರಿದ್ದು ಅನ್ನಿಸ್ತು.

ಲೈನ್ ಬಗ್ಗೆ: ಒಬ್ಬಳೇ ಇರೋದರಿಂದ ವಿಸಿಟರ್ಸ್ ಲೈನಿನಲ್ಲಿ ನಿಲ್ಲು, ಅಲ್ಲಿರೋ ಸಿಬ್ಬಂದಿಗೆ ‘ನ್ಯೂ ಇಮಿಗ್ರೆಂಟ್’ ಅಂತ ಹೇಳು, ಬೇರೆ ಕಡೆ ಹೋಗಬೇಕಿದ್ದರೆ ಅವರೇ ತೋರಿಸ್ತಾರೆ. ಗಂಡ ಹೆಂಡತಿ ಒಟ್ಟಿಗೆ ಬಂದರೆ ಕೆಲವು ಏರ್‌ಪೋರ್ಟ್‌ಗಳಲ್ಲಿ ಸಿಟಿಜನ್ ಲೈನಿಗೇ ಇಬ್ಬರನ್ನೂ ಬಿಡ್ತಾರೆ, ಕೆಲವು ಕಡೆ ಇಲ್ಲ.

ಮತ್ತೆ ನಿನ್ನ ಡಲ್ಲಸ್ ಲೇಓವರ್ ಎಷ್ಟು? ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್, ಅಲ್ಲೇ ಸೂಟ್‌ಕೇಸ್ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಬ್ಯಾಗ್ ಕೊಡಬೇಕು. ಎರಡು ಗಂಟೆ ಇಟ್ಟುಕೊಂಡಿದ್ದರೆ ಸಾಲಲ್ಲ.

ಹಾಸನದ ಸೊಸೆ | ಮೇ 5

ಅಕ್ಕ, ರಾಯರೇ, ತುಂಬಾ ಥ್ಯಾಂಕ್ಸ್. ಸಿಸಿಡಿ ಅನ್ನೋ ಸಾಲು ಇದೆ! ನಿನ್ನೆ ರಾತ್ರಿ ಮಾವ ಭೂತಗನ್ನಡಿ ಹಿಡಿದು ಓದಿದರು. ಲೇಓವರ್ ನಾಲ್ಕು ಗಂಟೆ ಇದೆ.

ಗ್ರೀನ್ ಕಾರ್ಡಿಗೆ ಕಟ್ಟೋ ಯುಎಸ್‌ಸಿಐಎಸ್ ಫೀಸು ನಮ್ಮವರು ಅಲ್ಲಿಂದಲೇ ಕಟ್ಟಬಹುದಾ? ಆಮೇಲೆ ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಇನಿಷಿಯಲ್ ಬಿಟ್ಟು ಸರ್‌ನೇಮ್ ಎಲ್ಲಿಂದ ತರೋದು? ವೀಸಾದಲ್ಲಿ ಎಫ್‌ಎನ್‌ಯು ಅಂತ ಬಂದಿದೆ. ಇದು ತೊಂದರೆ ಆಗುತ್ತಾ?

ಅಮ್ಮ ಚಟ್ನಿಪುಡಿ, ಸಾರಿನ ಪುಡಿ, ಸಂಡಿಗೆ, ಉಪ್ಪಿನಕಾಯಿ, ಒಂದು ಕಟ್ಟು ಕರಿಬೇವು, ಗಸಗಸೆ, ಇಷ್ಟು ತೆಗೆದಿಟ್ಟಿದ್ದಾರೆ.

ಕುಡ್ಲದವ | ಮೇ 5

ಗಸಗಸೆ ತೆಗೀರಿ ಮಾರಾಯ್ರೆ, ಈಗಲೇ ತೆಗೀರಿ! ನೀವು ದುಬೈ ಮೇಲೆ ಹೋಗುವುದಲ್ವಾ? ಯುಎಇಯಲ್ಲಿ ಗಸಗಸೆ ಮಾದಕವಸ್ತು ಪಟ್ಟಿಯಲ್ಲಿ ಉಂಟು. ಅಮ್ಮ ಪಾಯಸಕ್ಕೆ ಅಂತ ಕೊಟ್ಟದ್ದು ಅಂತ ಅಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಟ್ರಾನ್ಸಿಟ್ ಅಷ್ಟೇ, ಬ್ಯಾಗ್ ನೇರ ಹೋಗ್ತದೆ ಅಂತ ಧೈರ್ಯ ಮಾಡಬೇಡಿ. ದೋಹಾ ಮೇಲೆ ಹೋಗುವವರಿಗೂ ಇದೇ ಮಾತು. ಅಮೆರಿಕದ ಇಂಡಿಯನ್ ಅಂಗಡಿಯಲ್ಲಿ ರಾಜಾರೋಷವಾಗಿ ಗಸಗಸೆ ಸಿಗ್ತದೆ, ಅಲ್ಲೇ ತಗೊಳ್ಳಿ.

ಕರಿಬೇವು ಇನ್ನೊಂದು ಕಥೆ. ಅದು ದುಬೈಯಲ್ಲಿ ಏನೂ ಆಗುವುದಿಲ್ಲ, ಅಮೆರಿಕದಲ್ಲಿ ಬಿಡುವುದಿಲ್ಲ. ಕರಿಬೇವು ನಿಂಬೆ, ಕಿತ್ತಳೆ ಕುಟುಂಬದ ಗಿಡ ಅಲ್ವಾ, ಕಿತ್ತಳೆ ತೋಟವನ್ನು ಹಾಳು ಮಾಡುವ ಸಿಟ್ರಸ್ ಗ್ರೀನಿಂಗ್ ರೋಗ ಹರಡುವ ಸಣ್ಣ ಕೀಟ ಅದರ ಎಲೆಯಲ್ಲಿ ಕೂತು ಬರ್ತದೆ. ಫ್ಲೋರಿಡಾದ ತೋಟಗಳು ಅದರಿಂದ ಎಕ್ಕುಟ್ಟಿ ಹೋಗಿವೆ. ಹಾಗಾಗಿ ಹಸಿ ಎಲೆ ಕಂಡರೆ ಅಲ್ಲೇ ಡಬ್ಬಕ್ಕೆ.

ಪುಡಿ, ಸಂಡಿಗೆ, ಉಪ್ಪಿನಕಾಯಿ ಎಲ್ಲಾ ಸಾಮಾನ್ಯವಾಗಿ ಬಿಡ್ತಾರೆ. ಆದರೆ ‘ತಿನ್ನುವ ವಸ್ತು ಉಂಟಾ’ ಅಂತ ಕೇಳಿದರೆ ಉಂಟು ಅನ್ನಿ. ಹೌದು ಅಂದವರ ಸಾಮಾನು ಹೆಚ್ಚೆಂದರೆ ತೆಗೆದು ಬಿಸಾಡ್ತಾರೆ, ಇಲ್ಲ ಅಂದು ಸಿಕ್ಕಿಬಿದ್ದರೆ 300 ಡಾಲರ್‌ನಿಂದ ದಂಡ ಶುರು. ಹೊಸ ಜೀವನದ ಮೊದಲ ದಿನವೇ ಅಧಿಕಾರಿ ಎದುರು ಸುಳ್ಳು ಹೇಳಿದ ದಾಖಲೆ ಯಾಕೆ? ಬಂಗಾರ ತುಂಬಾ ಇದ್ದರೆ ಬೆಂಗಳೂರು ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ಮುಂದೆ ಅದೇ ಒಡವೆ ಹಾಕಿಕೊಂಡು ಊರಿಗೆ ಬಂದಾಗ ಸುಂಕದ ತಕರಾರು ಇರುವುದಿಲ್ಲ.

ಫ್ರಿಸ್ಕೊ ರಾಯರು | ಮೇ 5

ಫೀಸು ಯಾರು ಬೇಕಾದರೂ ಕಟ್ಟಬಹುದು. ವೀಸಾ ಮೇಲಿರೋ ಎ-ನಂಬರ್ (ನಿನ್ನ ವಲಸೆ ಫೈಲಿನ ನಂಬರ್) ಮತ್ತು ಕೇಸ್ ನಂಬರ್ ನಿನ್ನವರಿಗೆ ಫೋಟೋ ತೆಗೆದು ಕಳಿಸು. ಏಪ್ರಿಲ್ 1ರಿಂದ 235 ಡಾಲರ್ ಆಗಿದೆ, ಮೊದಲು 220 ಇತ್ತು. ಕಟ್ಟದೇ ಹೋದರೂ ಒಳಗೆ ಬಿಡ್ತಾರೆ, ಆದರೆ ಕಟ್ಟೋ ತನಕ ಕಾರ್ಡ್ ಅಚ್ಚಾಗಲ್ಲ.

ಎಫ್‌ಎನ್‌ಯು ಅಂದ್ರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಸರ್‌ನೇಮ್ ಖಾಲಿ ಇದ್ದರೆ ನಿನ್ನ ಹೆಸರನ್ನೇ ಆ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ಇದನ್ನ ಬರೀತಾರೆ. ನಮ್ಮ ಕಡೆಯ ಅರ್ಧ ಊರಿಗೆ ಈ ಹೆಸರು ಅಂಟಿಕೊಂಡಿದೆ. ಏರ್‌ಪೋರ್ಟ್‌ನಲ್ಲಿ ತೊಂದರೆ ಇಲ್ಲ, ಅವರು ದಿನಾ ನೋಡ್ತಾರೆ. ಗ್ರೀನ್ ಕಾರ್ಡ್, ಸೋಷಿಯಲ್ ಸೆಕ್ಯೂರಿಟಿ ಎರಡರಲ್ಲೂ ಹಾಗೇ ಬರುತ್ತೆ, ಆಮೇಲೆ ಬ್ಯಾಂಕಿನಲ್ಲಿ ‘ಮಿಸ್ ಎಫ್‌ಎನ್‌ಯು’ ಅಂತ ಕರೆಸಿಕೊಳ್ಳೋದು ತಪ್ಪಲ್ಲ. ಟಿಕೆಟ್‌ನಲ್ಲಿ ಹೆಸರು ಹೇಗಿದೆ ನೋಡಿಕೊಂಡು ಏರ್‌ಲೈನ್‌ಗೆ ಈಗಲೇ ಫೋನ್ ಮಾಡು. ಇನ್ನೂ ಅರ್ಜಿ ಹಾಕದೇ ಇರೋರು ಓದ್ತಿದ್ದರೆ, ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳಿ, ಆಮೇಲೆ ವೀಸಾ ಅರ್ಜಿ ಡಿಎಸ್-260 ತುಂಬಿ.

ತುಮಕೂರು ಎಕ್ಸ್‌ಪ್ರೆಸ್ | ಮೇ 7

ಇದೇ ಥ್ರೆಡ್‌ನಲ್ಲಿ ನಂದೂ ಒಂದು ಕೇಳ್ತೀನಿ, ಬೇರೆ ಶುರು ಮಾಡೋದು ಯಾಕೆ. ನನ್ನ ಕೇಸು ಉಲ್ಟಾ. ಹೆಂಡತಿ ಸಿಟಿಜನ್, ಒಹಾಯೊದ ಕೊಲಂಬಸ್‌ನಲ್ಲಿ ನರ್ಸ್. ನಾನು ಹೋಗ್ತಿರೋನು. ಮದುವೆ 2022 ಜೂನ್ 12ಕ್ಕೆ ತುಮಕೂರಲ್ಲಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗಿದ್ದು ಜುಲೈನಲ್ಲಿ. ವೀಸಾ ಸಿಆರ್-1, ಸೆಪ್ಟೆಂಬರ್‌ವರೆಗೆ ವ್ಯಾಲಿಡಿಟಿ ಇದೆ. ಟಿಕೆಟ್ ಜೂನ್ 6ಕ್ಕೆ, ಅಬುಧಾಬಿ ಮೇಲೆ ಶಿಕಾಗೋ.

ರಾಯರು ಮೇಲೆ ಬರೆದಿದ್ದು ಓದಿ ತಲೆ ಕೆಟ್ಟಿದೆ. ‘ಒಳಗೆ ಕಾಲಿಟ್ಟ ದಿನ ಎರಡು ವರ್ಷ ತುಂಬಿಲ್ಲದಿದ್ದರೆ’ ಅಂದಿರಲ್ಲ. ಹಾಗಾದ್ರೆ ನಾನು ಒಂದು ವಾರ ತಡವಾಗಿ ಹೋದರೆ ಹತ್ತು ವರ್ಷದ ಕಾರ್ಡಾ? ವೀಸಾ ಮೇಲೆ ಸಿಆರ್-1 ಅಂತಲೇ ಇದೆಯಲ್ಲ ಗುರುಗಳೇ? ಎರಡು ವರ್ಷ ಎಲ್ಲಿಂದ ಎಣಿಸೋದು, ಧಾರೆಯಿಂದಲಾ ರಿಜಿಸ್ಟ್ರೇಷನ್‌ನಿಂದಲಾ?

ಫ್ರಿಸ್ಕೊ ರಾಯರು | ಮೇ 7

ಹೌದಪ್ಪಾ, ಜೂನ್ 12 ದಾಟಿಸಿ ಹೋಗು. ವೀಸಾ ಅಂಟಿಸಿದ ದಿನ ಎರಡು ವರ್ಷ ಆಗಿರಲಿಲ್ಲ, ಅದಕ್ಕೆ ಸಿಆರ್-1 ಅಂತ ಅಚ್ಚಾಗಿದೆ. ಲೆಕ್ಕಕ್ಕೆ ಬರೋದು ಸಿಬಿಪಿ ನಿನ್ನನ್ನ ಒಳಗೆ ಸೇರಿಸಿಕೊಂಡ ದಿನ. ಆ ದಿನ ಎರಡು ವರ್ಷ ತುಂಬಿದ್ದರೆ ಐಆರ್-1 ಅಂತ ಸೇರಿಸಿಕೊಳ್ಳಬೇಕು, ಆಗ ಹತ್ತು ವರ್ಷದ ಕಾರ್ಡ್, ಮುಂದೆ ಷರತ್ತು ತೆಗೆಸೋಕೆ ಹಾಕೋ ಐ-751 ಅರ್ಜಿಯ ಗೋಳು ಇಲ್ಲ.

ಎಣಿಕೆ ಧಾರೆಯ ದಿನದಿಂದ. ಹಿಂದೂ ವಿವಾಹ ಕಾಯ್ದೆಯಡಿ ಕೊಟ್ಟ ಸರ್ಟಿಫಿಕೇಟಿನಲ್ಲಿ ಮದುವೆ ನಡೆದ ದಿನ, ನೋಂದಣಿ ದಿನ ಎರಡೂ ಇರುತ್ತೆ. ನಡೆದ ದಿನ ನೋಡು. ಸರಿಯಾಗಿ 12ಕ್ಕೇ ಹೋಗಿ ಗಂಟೆ ಲೆಕ್ಕ ಹಾಕ್ತಾ ಕೂರಬೇಡ, ಒಂದೆರಡು ದಿನ ಬಿಟ್ಟುಕೋ.

ನಿನ್ನ ದಾರಿಯಲ್ಲಿ ಒಂದು ವಿಶೇಷ ಇದೆ. ಅಬುಧಾಬಿಯಲ್ಲಿ ಅಮೆರಿಕದ ಪ್ರಿಕ್ಲಿಯರೆನ್ಸ್ ಇದೆ, ಸಿಬಿಪಿಯವರು ಅಲ್ಲೇ ಕೂತಿದ್ದಾರೆ. ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಲ್ಲೇ ಮುಗಿಯುತ್ತೆ, ಶಿಕಾಗೋದಲ್ಲಿ ದೇಶದೊಳಗಿನ ಪ್ರಯಾಣಿಕರ ಹಾಗೆ ಇಳಿದು ಹೊರಗೆ ಬರ್ತೀಯ. ಹಾಗಾಗಿ ನೀನು ನೋಡಬೇಕಾದ ತಾರೀಖು ಅಬುಧಾಬಿದು. ಅಲ್ಲಿ ಲೇಓವರ್ ಕಮ್ಮಿ ಇಟ್ಟುಕೊಂಡರೆ ವಿಮಾನ ತಪ್ಪೋದು ಗ್ಯಾರಂಟಿ.

ಸನಿವೇಲ್ ಸೀನ | ಮೇ 8

ರಾಯರೇ, ಇದಕ್ಕೆಲ್ಲಾ ಟಿಕೆಟ್ ಬದಲಾಯಿಸಬೇಕಾ? ಎರಡು ವರ್ಷದ ಕಾರ್ಡಿಗೂ ಹತ್ತು ವರ್ಷದ ಕಾರ್ಡಿಗೂ ದಿನನಿತ್ಯದಲ್ಲಿ ವ್ಯತ್ಯಾಸ ಇಲ್ಲ ಅಂತ ನೀವೇ ಹೇಳಿದ್ದೀರಿ. ಸಿಟಿಜನ್ ಜೊತೆ ಸಂಸಾರ ಮಾಡ್ತಿರೋರು ಮೂರು ವರ್ಷಕ್ಕೆ ಸಿಟಿಜನ್‌ಶಿಪ್ ಅರ್ಜಿ ಎನ್-400 ಹಾಕಬಹುದು, ಅದೂ 90 ದಿನ ಮುಂಚೆಯೇ. ಐ-751 ಅದರ ಜೊತೆಗೇ ಸೇರಿ ಒಂದೇ ಇಂಟರ್‌ವ್ಯೂನಲ್ಲಿ ಮುಗಿದು ಹೋದವರು ನನ್ನ ಆಫೀಸಲ್ಲೇ ಇದ್ದಾರೆ. ಹೆಂಡತಿ ಎರಡು ವರ್ಷದಿಂದ ಕಾಯ್ತಿದ್ದಾಳೆ, ಇನ್ನೂ ಒಂದು ವಾರ ಕಾಯಿ ಅಂತ ಕಾಗದದ ನೆಪ ಹೇಳ್ತೀರಾ? ಹೋಗು ಗುರು, ಜೂನ್ 6ಕ್ಕೇ ಹೋಗು.

ನ್ಯೂಜೆರ್ಸಿ ಅಕ್ಕ | ಮೇ 8

ಸೀನ, ನಿನಗೆ ಐ-751 ಹಾಕೋ ಪ್ರಸಂಗ ಬಂದಿಲ್ಲ ಅಂತ ಕಾಣುತ್ತೆ. ಫೀಸು ಏಪ್ರಿಲ್‌ನಿಂದ 750 ಡಾಲರ್. ಅದು ಹೋಗಲಿ, ಜಂಟಿ ಬ್ಯಾಂಕ್ ಖಾತೆ, ಮನೆ ಲೀಸು, ಇನ್ಶೂರೆನ್ಸ್, ಟ್ಯಾಕ್ಸ್ ರಿಟರ್ನ್, ಇಬ್ಬರ ಹೆಸರಿಗೂ ಬರೋ ಕರೆಂಟ್ ಬಿಲ್ಲು, ಸ್ನೇಹಿತರ ಅಫಿಡವಿಟ್ಟು, ಎರಡು ವರ್ಷದ ಸಂಸಾರವನ್ನ ಪುಟಕ್ಕೆ ನಂಬರ್ ಹಾಕಿ ಕಟ್ಟಿ ಕಳಿಸಬೇಕು. ಅದು ವಿಲೇವಾರಿ ಆಗೋಕೆ ವರ್ಷಗಟ್ಟಲೆ. ಅಲ್ಲೀವರೆಗೂ ಅವಧಿ ಮುಗಿದ ಕಾರ್ಡು, ಜೊತೆಗೊಂದು ಚೀಟಿ ಹಿಡಿದು ಓಡಾಟ. ಒಂದು ವಾರ ತಡ ಆದರೆ ಇದೆಲ್ಲಾ ತಪ್ಪುತ್ತೆ ಅಂದ್ರೆ ನಾನಾಗಿದ್ದರೆ ನಡೆದುಕೊಂಡಾದರೂ ತಡ ಮಾಡ್ತಿದ್ದೆ.

ತುಮಕೂರಿನವರೇ, ಹೆಂಡತಿಯನ್ನ ಕೇಳಿ ತೀರ್ಮಾನ ಮಾಡಿ, ನಮ್ಮನ್ನಲ್ಲ.

ತುಮಕೂರು ಎಕ್ಸ್‌ಪ್ರೆಸ್ | ಮೇ 8

ಕೇಳಿದೆ ಅಕ್ಕ. ‘ಐ-751 ಬೇಡ, ಲೇಟಾಗೇ ಬಾ’ ಅಂದಳು, ಯೋಚನೆಯನ್ನೂ ಮಾಡಲಿಲ್ಲ. ನಮ್ಮಜ್ಜಿದು ಬೇರೆ ಕಂಡಿಷನ್, ಆಷಾಢ ಹುಟ್ಟೋ ಮೊದಲು ಹೊರಡಬೇಕು ಅಂತ. ಪಂಚಾಂಗ ನೋಡಿದರೆ ಆಷಾಢ ಜುಲೈ 6ಕ್ಕೆ. ಜೂನ್ 13ರ ರಾತ್ರಿಗೆ ಬದಲಾಯಿಸಿದ್ದೀನಿ.

ಧಾರವಾಡದಾಕಿ | ಮೇ 10

ನಗ್ಚಾಟಿಕಿ ಸಾಕು, ಒಂದು ಗಂಭೀರ ಮಾತು ಹೇಳಿಬಿಡ್ತೇನಿ, ಈ ಥ್ರೆಡ್ ಮುಂದ ಯಾರ ಕಣ್ಣಿಗೆ ಬೀಳ್ತದೋ ಏನೋ.

ನಾನೂ ಸಿಆರ್-1 ಮ್ಯಾಲೇ ಬಂದಾಕಿ. ಮದುವಿ ಉಳೀಲಿಲ್ಲ. ಕಾರಣ ಇಲ್ಲಿ ಬ್ಯಾಡ. ಡೈವೋರ್ಸ್ ಆತು, ಕಾರ್ಡ್ ಇನ್ನೂ ಚಾಲ್ತಿ ಇತ್ತು, ಅಷ್ಟರಾಗ ಅವ್ವಗ ಆರಾಮಿಲ್ಲ ಅಂತ ಧಾರವಾಡಕ್ಕ ಹೋದೆ. ತಿರುಗಿ ಬರೋವಾಗ ಎಲ್ಲಾರೂ ಹೆದರಿಸಿದ್ದೇ ಹೆದರಿಸಿದ್ದು, ಗಂಡ ಇಲ್ಲ ಅಂದ್ರ ಒಳಗ ಬಿಡೂದಿಲ್ಲ ಅಂತ.

ಕೌಂಟರಿನಾಗ ಅಧಿಕಾರಿ ಕಾರ್ಡ್ ನೋಡಿ ‘ಸ್ಟಿಲ್ ಮ್ಯಾರಿಡ್?’ ಅಂದ. ಇಲ್ಲ, ಡೈವೋರ್ಸ್ ಆಗ್ಯದ, ಐ-751 ವೇವರ್ ಹಾಕೀನಿ, ಇದು ರಸೀದಿ ಅಂದೆ. ಒಳಗ ಕರೆದು ಕೂಡಿಸಿದ್ರು, ಕೆಲಸ ಎಲ್ಲಿ, ಎಷ್ಟು ದಿನ ಹೊರಗಿದ್ದಿ ಅಂತ ಕೇಳಿದ್ರು, ಬಿಟ್ಟರು.

ತಿಳಕೊಳ್ಳಬೇಕಾದ್ದು ಏನಂದ್ರ, ಡೈವೋರ್ಸ್ ಆದ ಕೂಡ್ಲೇ ಸ್ಟೇಟಸ್ ತಾನಾಗೇ ಹೋಗೂದಿಲ್ಲ. ಮದುವಿ ಆಗೋವಾಗ ಖರೇನ ಸಂಸಾರ ಮಾಡಬೇಕಂತ ಆಗಿದ್ರ, ಆಮ್ಯಾಲೆ ಮುರಿದಿದ್ರ, ಗಂಡನ ಸಹಿ ಇಲ್ಲದ ಒಬ್ಬಾಕಿನ ಅರ್ಜಿ ಹಾಕಬಹುದು. ಮನ್ಯಾಗ ಹೊಡತ ಬಡತ ಇದ್ದವರಿಗೂ ಇದೇ ದಾರಿ ಅದ, ಡೈವೋರ್ಸ್ ಆಗೂತನಕ ಕಾಯೂದೂ ಬೇಕಿಲ್ಲ. ‘ನಿನ್ನ ಕಾರ್ಡ್ ನನ್ನ ಕೈಯಾಗ ಅದ’ ಅಂತ ಯಾರರ ಹೆದರಿಸ್ತಿದ್ರ ನಂಬಬ್ಯಾಡ್ರಿ, ವಕೀಲರನ್ನ ನೋಡ್ರಿ.

ಇನ್ನೊಂದು. ಐ-407 ಅಂತ ಒಂದು ಫಾರಂ ಅದ, ಗ್ರೀನ್ ಕಾರ್ಡ್ ನಾನಾಗೇ ಬಿಟ್ಟುಕೊಡ್ತೇನಿ ಅಂತ ಬರೆದುಕೊಡೂದು. ವರ್ಷಗಟ್ಟಲೆ ಹೊರಗಿದ್ದು ಬಂದವರ ಮುಂದ ಅದನ್ನ ಇಡ್ತಾರ. ಅದು ಸ್ವಂತ ಇಚ್ಛಾದ ಫಾರಂ, ಸಹಿ ಮಾಡ್ಲೇಬೇಕು ಅಂತ ಇಲ್ಲ. ಇಮಿಗ್ರೇಷನ್ ಜಡ್ಜ್ ಮುಂದ ಹೇಳ್ತೇನಿ ಅನ್ನೋ ಹಕ್ಕು ಅದ. ನಿದ್ದಿಗೆಟ್ಟು ಬಂದಿರ್ತೇವಿ, ಯಾವ ಹಾಳಿ ಕೊಟ್ಟರೂ ಗೀಚಿಬಿಡೂ ಹೊತ್ತದು. ಓದದ ಸಹಿ ಮಾಡಬ್ಯಾಡ್ರಿ.

ನ್ಯೂಜೆರ್ಸಿ ಅಕ್ಕ | ಮೇ 10

ಧಾರವಾಡದಾಕಿ, ಇದನ್ನ ಬರೆದಿದ್ದಕ್ಕೆ ನಿನಗೊಂದು ದೊಡ್ಡ ನಮಸ್ಕಾರ ಕಣೇ. ಅವಧಿ ವಿಷಯ ನಾನೊಂದಿಷ್ಟು ಸೇರಿಸ್ತೀನಿ: ಆರು ತಿಂಗಳ ಮೇಲೆ ಹೊರಗಿದ್ದರೆ ಪ್ರಶ್ನೆ ಜಾಸ್ತಿ, ಸಿಟಿಜನ್‌ಶಿಪ್ ಲೆಕ್ಕಕ್ಕೂ ಅಡ್ಡ ಬರುತ್ತೆ. ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಬರೋಕಾಗಲ್ಲ. ಅಷ್ಟು ದಿನ ಇರಬೇಕಾಗುತ್ತೆ ಅಂತ ಗೊತ್ತಿದ್ದರೆ ಅಮೆರಿಕ ಬಿಡೋ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿರಬೇಕು. ಹೆರಿಗೆಗೆ ತವರಿಗೆ ಹೋಗೋ ಹುಡುಗಿಯರು ಇದನ್ನ ನೆನಪಿಟ್ಟುಕೊಳ್ಳಿ, ಬಾಣಂತನ ಅಂತ ದಿನ ಹೋಗಿದ್ದೇ ಗೊತ್ತಾಗಲ್ಲ.

ಕುಡ್ಲದವ | ಮೇ 12

ಎಲ್ಲರೂ ಅಮೆರಿಕದ ಇಮಿಗ್ರೇಷನ್ ಬಗ್ಗೆಯೇ ಮಂಡೆಬಿಸಿ ಮಾಡಿಕೊಂಡಿದ್ದೀರಿ. ನನ್ನ ಪ್ರಕಾರ ಕಷ್ಟ ಇರುವುದು ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲಿ.

ನನ್ನ ಎರಡು ವರ್ಷದ ಕಾರ್ಡಿನ ಅವಧಿ ಕಳೆದ ವರ್ಷ ಮುಗಿದದ್ದು. ಐ-751 ಹಾಕಿ ಆಗಿತ್ತು, ಐ-797 ರಸೀದಿ ಬಂದಿತ್ತು. 2023ರ ಜನವರಿಯಿಂದ ಈ ರಸೀದಿ ಕಾರ್ಡಿನ ಅವಧಿಯನ್ನು 48 ತಿಂಗಳು ಮುಂದಕ್ಕೆ ಹಾಕ್ತದೆ, ಮೊದಲು 24 ಇತ್ತು. ಹಳೇ ಕಾರ್ಡು ಮತ್ತೆ ಈ ರಸೀದಿ ಎರಡು ಸೇರಿದರೆ ಚಾಲ್ತಿ ಕಾರ್ಡ್ ಇದ್ದ ಹಾಗೆ.

ಊರಿಂದ ವಾಪಸ್ ಬರುವಾಗ ಟರ್ಮಿನಲ್ ಎರಡರಲ್ಲಿ ಒಂದು ಏರ್‌ಲೈನ್ ಕೌಂಟರಿನ ಹುಡುಗ ಕಾರ್ಡ್ ತಿರುಗಿಸಿ ನೋಡಿದ, ‘ಸರ್ ಎಕ್ಸ್‌ಪೈರ್ ಆಗಿದೆ’ ಅಂದ. ರಸೀದಿ ಕೊಟ್ಟೆ. ‘ಇದು ಲೆಟರ್ ಅಲ್ವಾ ಸರ್, ಕಾರ್ಡ್ ಬೇಕು’ ಅಂದ. ಸೂಪರ್‌ವೈಸರ್ ಬಂದರು, ಅವರೂ ಓದಿದರು, ಯಾರಿಗೋ ಫೋನ್, ಮತ್ತೊಬ್ಬರಿಗೆ ಫೋನ್. ನನ್ನ ಸೂಟ್‌ಕೇಸ್ ಬೆಲ್ಟಿನ ಮೇಲೆ, ಹಿಂದೆ ನಿಂತವರೆಲ್ಲ ನನ್ನನ್ನು ಕಳ್ಳನ ಹಾಗೆ ನೋಡುವುದು. 48 ತಿಂಗಳು ಅಂತ ಬರೆದ ಸಾಲಿನ ಮೇಲೆ ಬೆರಳಿಟ್ಟು, ಕಾರ್ಡಿನ ತಾರೀಖಿಗೆ ನಾಲ್ಕು ವರ್ಷ ಕೂಡಿಸಿ ತೋರಿಸಿದೆ. ಕೊನೆಗೆ ಬೋರ್ಡಿಂಗ್ ಪಾಸ್ ಕೊಟ್ಟರು. ಅವರನ್ನು ಬೈದು ಪ್ರಯೋಜನ ಇಲ್ಲ, ಕಾಗದ ಸರಿ ಇಲ್ಲದವನನ್ನು ಹತ್ತಿಸಿದರೆ ಏರ್‌ಲೈನ್‌ಗೆ ದಂಡ ಬೀಳ್ತದೆ.

ಅಮೆರಿಕದಲ್ಲಿ ಇಳಿದರೆ ಅಧಿಕಾರಿ ಎರಡನ್ನೂ ನೋಡಿದ, ‘ಓಕೆ’ ಅಂದ. ಮುಗೀತು!

ರಸೀದಿ ಒರಿಜಿನಲ್ ಹಿಡಿದು ಹೋಗಿ, ಜೆರಾಕ್ಸ್ ನಡೆಯುವುದಿಲ್ಲ. ಮಾಮೂಲಿಗಿಂತ ಒಂದು ಗಂಟೆ ಮೊದಲು ಏರ್‌ಪೋರ್ಟ್ ಸೇರಿ. ಯುರೋಪ್ ಮೇಲೆ ಹೋಗುವವರು ಅಲ್ಲಿಯ ಟ್ರಾನ್ಸಿಟ್ ವೀಸಾ ನಿಯಮ ಮೊದಲೇ ನೋಡಿಕೊಳ್ಳಿ, ಅವಧಿ ಮುಗಿದ ಕಾರ್ಡಿಗೆ ಈ ಚೀಟಿ ಅಂಟಿಸಿ ತೋರಿಸಿದರೆ ಆ ದೇಶದವರು ಒಪ್ಪಬೇಕು ಅಂತ ಏನೂ ಇಲ್ಲ.

ಹಾಸನದ ಸೊಸೆ | ಮೇ 31

ರಾಲೀಯಿಂದ ಬರೀತಿದ್ದೀನಿ! ಬಂದು ಸ್ವಲ್ಪ ದಿನ ಆಯ್ತು, ನಿದ್ದೆ ಇನ್ನೂ ಸರಿ ಹೋಗಿಲ್ಲ.

ಬೆಂಗಳೂರಲ್ಲಿ ನಮ್ಮ ಕಡೆಯ ಇಮಿಗ್ರೇಷನ್‌ನವರು ವೀಸಾ ನೋಡಿ ‘ಗಂಡನ ಹತ್ರಾನಾ?’ ಅಂದರು, ಕನ್ನಡದಲ್ಲೇ. ಸೀಲ್ ಹಾಕಿ ಕಳಿಸಿದರು. ದುಬೈಯಲ್ಲಿ ವಾಷಿಂಗ್ಟನ್ ಗೇಟ್ ಹತ್ತಿರ ಮತ್ತೆ ಪಾಸ್‌ಪೋರ್ಟ್ ತಪಾಸಣೆ ಇತ್ತು. ಗಸಗಸೆ ಹಾಸನದಲ್ಲೇ ಉಳೀತು. ಅಮ್ಮನಿಗೆ ಇವತ್ತಿಗೂ ನಂಬಿಕೆ ಇಲ್ಲ, ‘ಗಸಗಸೆಗೆ ಯಾರಾದ್ರೂ ಜೈಲಿಗೆ ಹಾಕ್ತಾರಾ’ ಅಂತಾರೆ.

ಡಲ್ಲಸ್‌ನಲ್ಲಿ ವಿಮಾನದಿಂದ ಇಳಿಸಿ ಒಂದು ದೊಡ್ಡ ಬಸ್ಸಿನಂಥ ಗಾಡಿಯಲ್ಲಿ ತುಂಬಿಕೊಂಡು ಹೋದರು. ವಿಸಿಟರ್ಸ್ ಲೈನು ಹಾವಿನ ಹಾಗೆ ಸುತ್ತಿಕೊಂಡಿತ್ತು. ಅಧಿಕಾರಿ ವಯಸ್ಸಾದವರು. ವೀಸಾ ನೋಡಿದರು, ಬೆರಳಚ್ಚು ಆಯ್ತು, ಫೋಟೋ ಆಯ್ತು. ‘ಗಂಡ ಎಲ್ಲಿ?’ ರಾಲೀಯಲ್ಲಿ ಕಾಯ್ತಿದ್ದಾರೆ ಅಂದೆ. ‘ಹೇಗೆ ಪರಿಚಯ?’ ಅಂದರು. ಮನೆಯವರು ನೋಡಿ ಮಾಡಿದ ಮದುವೆ ಅಂದೆ. ‘ಅರೇಂಜ್ಡ್?’ ಅಂತ ಕೇಳಿ ಸುಮ್ಮನೆ ತಲೆಯಾಡಿಸಿದರು. ಆಮೇಲೆ ಅಕ್ಕ ಹೇಳಿದ ರೂಮಿಗೇ ಕಳಿಸಿದರು. ಮೊದಲೇ ಗೊತ್ತಿದ್ದರಿಂದ ನೀರಿನ ಬಾಟಲಿ ಹಿಡಿದು ಆರಾಮಾಗಿ ಕೂತೆ. ನನ್ನ ಪಕ್ಕದಲ್ಲಿದ್ದ ಒಬ್ಬರು ಅಜ್ಜಿ ಗುಜರಾತಿನವರು, ಮಗಳ ಮನೆಗೆ ಬಂದವರು, ಅವರಿಗೆ ನಾನೇ ಧೈರ್ಯ ಹೇಳಿದೆ.

ಕರೆದರು. ಪರದೆ ಮೇಲೆ ನನ್ನ ಡಿಎಸ್-260 ವಿಳಾಸ ತೋರಿಸಿದರು. ನಮ್ಮವರು ಮಾರ್ಚ್‌ನಲ್ಲಿ ಮನೆ ಬದಲಾಯಿಸಿದ್ದರು, ಅಲ್ಲಿ ಹಳೇ ವಿಳಾಸವೇ ಇತ್ತು! ರಾಯರೇ, ನಿಮ್ಮ ಮಾತು ಕೇಳಿ ಬರೆದಿಟ್ಟುಕೊಂಡ ಹಾಳೆ ಕೊಟ್ಟೆ, ಅವರು ನೋಡಿಕೊಂಡು ಟೈಪ್ ಮಾಡಿದರು, ಅಪಾರ್ಟ್‌ಮೆಂಟ್ ನಂಬರ್ ಓದಿ ಹೇಳಿಸಿಕೊಂಡರು. ಸೀಲ್ ಹಾಕಿ ಸಿಆರ್-1 ಅಂತ ಬರೆದರು. ಆಲ್ಬಂ ಸುದ್ದಿ ಯಾರೂ ಎತ್ತಲಿಲ್ಲ.

ಕಸ್ಟಮ್ಸ್‌ನಲ್ಲಿ ತಿಂಡಿ ಇದೆ ಅಂದೆ. ‘ಮಾಂಸ, ಹಣ್ಣು, ಬೀಜ?’ ಅಂದರು. ಇಲ್ಲ, ಪುಡಿ, ಉಪ್ಪಿನಕಾಯಿ ಅಂದೆ, ಹೋಗು ಅಂದರು. ನಾಲ್ಕು ಗಂಟೆ ಲೇಓವರ್‌ನಲ್ಲಿ ಗೇಟ್ ಸೇರಿದಾಗ ಬೋರ್ಡಿಂಗ್ ಶುರುವಾಗಿತ್ತು, ಅಷ್ಟರ ಮಟ್ಟಿಗೆ ಹೊತ್ತು ಹಿಡೀತು.

ತುಮಕೂರು ಎಕ್ಸ್‌ಪ್ರೆಸ್ | ಜೂನ್ 18

ಕೊಲಂಬಸ್ ತಲುಪಿದೆ. ವಿಷಯಕ್ಕೆ ಬರ್ತೀನಿ.

ಅಬುಧಾಬಿ ಕೌಂಟರ್‌ನಲ್ಲಿದ್ದ ಅಧಿಕಾರಿಣಿ ವೀಸಾ ನೋಡಿಕೊಂಡು ಸೀಲ್ ಕೈಗೆ ತಗೊಂಡರು. ‘ಮೇಡಂ, ಮೊನ್ನೆ ಹನ್ನೆರಡಕ್ಕೆ ನಮ್ಮ ಮದುವೆಗೆ ಎರಡು ವರ್ಷ ತುಂಬಿತು, ದಯವಿಟ್ಟು ಐಆರ್-1 ಅಂತ ಸೇರಿಸಿಕೊಳ್ಳಿ’ ಅಂತ ಕಲಿತುಕೊಂಡು ಹೋದ ವಾಕ್ಯ ಒಪ್ಪಿಸಿದೆ. ವೀಸಾದಲ್ಲಿ ಸಿಆರ್-1 ಇದೆಯಲ್ಲ ಅಂದರು. ಸರ್ಟಿಫಿಕೇಟ್ ತೆಗೆದು ಮದುವೆ ನಡೆದ ದಿನದ ಸಾಲು ತೋರಿಸಿದೆ. ಅವರು ಜುಲೈ ತಾರೀಖಿನ ಕಡೆ ಬೆರಳು ಮಾಡಿ ‘ಇದೇನು’ ಅಂದರು. ಅದು ನೋಂದಣಿ, ಇದು ಮದುವೆ, ಅರ್ಜಿಯಲ್ಲೂ ಇದೇ ದಿನ ಇದೆ ಅಂದೆ. ಎದ್ದು ಹೋಗಿ ಹಿಂದಿನ ಮೇಜಿನಲ್ಲಿದ್ದ ಮೇಲಧಿಕಾರಿಗೆ ತೋರಿಸಿದರು. ಆತ ಒಂದೇ ಸಲ ನೋಡಿ ಏನೋ ಅಂದರು. ಬಂದು ‘ಹ್ಯಾಪಿ ಆ್ಯನಿವರ್ಸರಿ’ ಅಂದು ಐಆರ್-1 ಬರೆದು ಕೊಟ್ಟರು.

ಕೇಳದೇ ಇದ್ದಿದ್ದರೆ ಸಿಆರ್-1 ಬೀಳ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಸೀನಣ್ಣ, ಟಿಕೆಟ್ ಬದಲಾಯಿಸಿದ ದುಡ್ಡು 750 ಡಾಲರ್‌ಗಿಂತ ಕಮ್ಮಿನೇ ಆಯ್ತು.

ಸನಿವೇಲ್ ಸೀನ | ಜೂನ್ 18

ಆಯ್ತು ಗುರು, ಗೆದ್ದೆ. ಆದರೆ ಕಾರ್ಡ್ ಕೈಗೆ ಬಂದಾಗ ಅಲ್ಲೂ ಐಆರ್-1 ಇದೆಯಾ, ಹತ್ತು ವರ್ಷದ ತಾರೀಖು ಇದೆಯಾ ನೋಡಿಕೋ. ಸೀಲ್ ಒಂದು, ಕಾರ್ಡ್ ಇನ್ನೊಂದು ಆಗಿದ್ದನ್ನೂ ಕೇಳಿದ್ದೀನಿ.

ಫ್ರಿಸ್ಕೊ ರಾಯರು | ಜೂನ್ 19

ಸೀನ ಹೇಳಿದ್ದು ಸರಿ. ಹಾಗೇನಾದರೂ ಆದರೆ ಕಾರ್ಡ್ ಬದಲಿಸಿಕೊಡಿ ಅನ್ನೋ ಐ-90 ಅರ್ಜಿ ಹಾಕಬೇಕು, ತಪ್ಪು ಅವರದ್ದು ಅಂತ ಗುರುತು ಮಾಡಿದರೆ ಫೀಸು ಇಲ್ಲ. ಸೀಲ್ ಬಿದ್ದ ಪುಟದ ಫೋಟೋ ಇವತ್ತೇ ತೆಗೆದಿಡು.

ಹಾಸನದ ಸೊಸೆ, ನಿನ್ನ ಲೆಕ್ಕ ಬೇರೆ. ಕಾರ್ಡ್ ಬಂದ ಮೇಲೆ ಅದರ ಮೇಲಿನ ಕೊನೇ ತಾರೀಖಿನಿಂದ 90 ದಿನ ಹಿಂದಕ್ಕೆ ಎಣಿಸಿ ನಿನ್ನ ಫೋನಿಗೂ ನಿನ್ನವರ ಫೋನಿಗೂ ಹಾಕಿಡು. ಆ 90 ದಿನದೊಳಗೆ ಐ-751 ಹೋಗಬೇಕು, ಅದಕ್ಕಿಂತ ಮೊದಲೇ ಕಳಿಸಿದರೆ ವಾಪಸ್ ಬರುತ್ತೆ. ಬಾಡಿಗೆ ಕರಾರಿಗೆ ನಿನ್ನ ಹೆಸರು ಈ ತಿಂಗಳೇ ಸೇರಿಸೋಕೆ ಹೇಳು. ಡಿಎಸ್-260ಯಲ್ಲಿ ಸೋಷಿಯಲ್ ಸೆಕ್ಯೂರಿಟಿ ನಂಬರ್ ಬೇಕು ಅಂತ ಗುರುತು ಹಾಕಿದ್ದೆಯಾ? ಹಾಕಿದ್ದರೆ ಮೂರು ವಾರ ನೋಡು, ಅಷ್ಟರಲ್ಲಿ ಬರದಿದ್ದರೆ ಪಾಸ್‌ಪೋರ್ಟ್ ತಗೊಂಡು ಅವರ ಆಫೀಸಿಗೇ ಹೋಗು.

ಹಾಸನದ ಸೊಸೆ | ಜೂನ್ 19

ಹಾಕಿದ್ದೆ ರಾಯರೇ. ನಿನ್ನೆ ಬಂತು, ಎಫ್‌ಎನ್‌ಯು ಹೆಸರಿಗೆ.